ಮೊದಲು ಬೆಲೆ, ಆಮೇಲೆ ಅಡುಗೆ: ಮೈಸೂರಿನ ಮನೆಗೊಂದು ದಿನಸಿ ಮಾರ್ಗದರ್ಶಿ

ಮದುವೆಯಾಗಿ ಮೈಸೂರಿಗೆ ಬಂದ ಹೊಸದರಲ್ಲಿ ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ ಕೇಳುತ್ತಿದ್ದೆ. "ಅತ್ತೆ, ಇವತ್ತು ಏನು ಅಡುಗೆ ಮಾಡ್ಲಿ?" ನಮ್ಮ ಅತ್ತೆ ಮದ್ದೂರು ಕಡೆಯವರು. "ಏನ್ ಮಾಡ್ಲಿ ಅಂತ ಆಮೇಲೆ ಕೇಳವ್ವ. ಬೀದೀಲಿ ಏನ್ ಅಗ್ಗ ಐತೆ, ಮೊದ್ಲು ನೋಡ್ಕೊಂಡು ಬಾ" ಅನ್ನುತ್ತಿದ್ದರು. ಆಗ ಅದು ನನಗೆ ಅರ್ಥವಾಗಲಿಲ್ಲ. ತಲೆಯಲ್ಲಿ ಬೀನ್ಸ್ ಪಲ್ಯ ಅಂತ ಬಂದರೆ ಬೀನ್ಸ್ ತರುತ್ತಿದ್ದೆ, ಕೆ.ಜಿ.ಗೆ 40 ಇರಲಿ, 100 ಇರಲಿ. ತಿಂಗಳ ಕೊನೆಗೆ ಕೈ ಖಾಲಿ.

ಈಗ ನಮ್ಮ ಮನೆಯಲ್ಲಿ ಐದು ಜನ. ನಾನು, ನಮ್ಮ ಯಜಮಾನರು, ಇಬ್ಬರು ಮಕ್ಕಳು, ಅತ್ತೆ. ಬೆಲೆ ನೋಡಿ ಅಡುಗೆ ನಿರ್ಧರಿಸುವ ಪದ್ಧತಿ ರೂಢಿಯಾದ ಮೇಲೆ ತಿಂಗಳಿಗೆ 2000 ರೂಪಾಯಿ ಆಸುಪಾಸು ಉಳಿಯುತ್ತಿದೆ. ಊಟದಲ್ಲಿ ಏನೂ ಕಡಿಮೆಯಾಗಿಲ್ಲ. ಸೊಪ್ಪು, ಕಾಳು ಮೊದಲಿಗಿಂತ ಜಾಸ್ತಿಯೇ ತಿನ್ನುತ್ತಿದ್ದೇವೆ. ಈ ಪದ್ಧತಿಯನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆಯುತ್ತಿದ್ದೇನೆ. ಒಂದೇ ದಿನದಲ್ಲಿ ಎಲ್ಲ ಮಾಡಲು ಹೋಗಬೇಡಿ. ಮೊದಲ ತಿಂಗಳು ಮೊದಲ ಎರಡು ಹೆಜ್ಜೆ ಸಾಕು.

ಹೆಜ್ಜೆ 1: ಡಬ್ಬಗಳನ್ನು ಕೆಳಗಿಳಿಸಿ

ಒಂದು ಭಾನುವಾರ ಅಡುಗೆಮನೆಯ ಅಟ್ಟದಿಂದ ಹಿಡಿದು ಫ್ರಿಜ್ಜಿನ ಮೂಲೆವರೆಗೆ ಎಲ್ಲ ಹೊರಗೆ ತೆಗೆಯಿರಿ. ಏನೇನಿದೆ, ಎಷ್ಟಿದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ನಾನು ಮೊದಲ ಸಲ ಹೀಗೆ ಮಾಡಿದಾಗ ಕಡಲೆಬೇಳೆಯ ಮೂರು ಪೊಟ್ಟಣ ಸಿಕ್ಕವು, ಮೂರೂ ಅರ್ಧ ಅರ್ಧ. ಇದೆಯೋ ಇಲ್ಲವೋ ಗೊತ್ತಿಲ್ಲದೆ ಪ್ರತಿ ತಿಂಗಳೂ ಚೀಟಿಯಲ್ಲಿ ಬರೆಯುತ್ತಿದ್ದೆ. ಎಷ್ಟೋ ಮನೆಗಳಲ್ಲಿ ದುಡ್ಡು ಸೋರುವುದು ಇಲ್ಲಿಂದಲೇ.

ಆ ಹಾಳೆಯನ್ನು ಅಡುಗೆಮನೆಯ ಬಾಗಿಲ ಒಳಬದಿಗೆ ಅಂಟಿಸಿ. ಹಳೆಯದನ್ನು ಮುಂದಕ್ಕಿಡಿ, ಹೊಸದನ್ನು ಹಿಂದಕ್ಕಿಡಿ. ಇಷ್ಟೇ.

ಹೆಜ್ಜೆ 2: ಬೆಲೆ ಪುಸ್ತಕ

ಇದು ಇಡೀ ಪದ್ಧತಿಯ ಬೆನ್ನೆಲುಬು. "ಭಾರಿ ರಿಯಾಯಿತಿ" ಅಂತ ಫಲಕ ಹಾಕಿದ ಮಾತ್ರಕ್ಕೆ ಅದು ಅಗ್ಗ ಆಗುವುದಿಲ್ಲ. ನಿಮ್ಮ ಬೀದಿಯ ಅಂಗಡಿಯಲ್ಲಿ ಕಳೆದ ತಿಂಗಳು ಎಷ್ಟಿತ್ತು ಅಂತ ಗೊತ್ತಿದ್ದರೆ ಮಾತ್ರ ಇವತ್ತಿನದು ಅಗ್ಗವೋ ಅಲ್ಲವೋ ಹೇಳಬಹುದು, ಅಲ್ವಾ?

ಒಂದು ಸಣ್ಣ ನೋಟ್ ಪುಸ್ತಕ ತೆಗೆದುಕೊಳ್ಳಿ. ಮೊಬೈಲಿನಲ್ಲೂ ಬರೆಯಬಹುದು, ಆದರೆ ಚೀಲದಲ್ಲಿ ಹಾಕಿಕೊಂಡು ಹೋಗುವ ಪುಸ್ತಕವೇ ನನಗೆ ಅನುಕೂಲ. ಮನೆಗೆ ಅತಿ ಹೆಚ್ಚು ಖರ್ಚಾಗುವ 20 ಸಾಮಾನು ಸಾಕು. ನನ್ನ ಪಟ್ಟಿಯಲ್ಲಿ ಇರುವುದು ಅಕ್ಕಿ, ರಾಗಿ, ಗೋಧಿ ಹಿಟ್ಟು, ತೊಗರಿಬೇಳೆ, ಕಡಲೆಬೇಳೆ, ಉದ್ದಿನಬೇಳೆ, ಹೆಸರುಕಾಳು, ಹುರುಳಿಕಾಳು, ಅಡುಗೆ ಎಣ್ಣೆ, ಸಕ್ಕರೆ, ಬೆಲ್ಲ, ರವೆ, ಅವಲಕ್ಕಿ, ಕಾಫಿಪುಡಿ, ತುಪ್ಪ, ಒಣಮೆಣಸಿನಕಾಯಿ, ಹುಣಸೆಹಣ್ಣು, ತೆಂಗಿನಕಾಯಿ, ಈರುಳ್ಳಿ, ಟೊಮೆಟೊ. ಒಂದೊಂದಕ್ಕೂ ಒಂದು ಪುಟ. ಆ ಪುಟದಲ್ಲಿ ದಿನಾಂಕ, ಅಂಗಡಿ, ತೂಕ, ಬೆಲೆ, ಕೆ.ಜಿ.ಗೆ ಎಷ್ಟಾಯಿತು ಅನ್ನುವ ಲೆಕ್ಕ. ಎರಡು ತಿಂಗಳು ಬರೆದರೆ ಸಾಕು, ನಿಮ್ಮ ಮನೆಯ "ಸರಿ ಬೆಲೆ" ಯಾವುದು ಅಂತ ಕಾಣತೊಡಗುತ್ತದೆ. ಅದನ್ನು ಪುಟದ ಮೇಲೆ ಕೆಂಪು ಪೆನ್ನಿನಲ್ಲಿ ಬರೆದು ಸುತ್ತು ಹಾಕಿ. ಅದಕ್ಕಿಂತ ಕೆಳಗೆ ಬಂದಾಗ ತುಂಬಿಸಿಕೊಳ್ಳಿ. ಮೇಲೆ ಹೋದಾಗ ಆ ವಾರಕ್ಕೆ ಬೇಕಾದಷ್ಟೇ ತನ್ನಿ.

ತೆರಿಗೆ ಬದಲಾದಾಗ ಪುಸ್ತಕವನ್ನೂ ತಿದ್ದಬೇಕು. 2025ರ ಸೆಪ್ಟೆಂಬರ್ 22ರಿಂದ ತುಪ್ಪ, ಬೆಣ್ಣೆಯ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು, ಬಿಸ್ಕತ್ತಿನದು ಶೇ. 18ರಿಂದ 5ಕ್ಕೆ. ಅದಕ್ಕೂ ಮುಂಚಿನ ಬೆಲೆಯನ್ನೇ "ಸರಿ ಬೆಲೆ" ಅಂದುಕೊಂಡಿದ್ದರೆ ಈಗಿನ ಮಾಮೂಲಿ ಬೆಲೆಯೂ ಆಫರ್ ಥರ ಕಾಣುತ್ತದೆ.

ಈರುಳ್ಳಿ, ಟೊಮೆಟೊ ಬಿಟ್ಟು ಉಳಿದ ತರಕಾರಿಗೆ ಪ್ರತ್ಯೇಕ ಪುಟ ಬೇಡ. ಅದರ ಬೆಲೆ ದಿನಾ ಬದಲಾಗುತ್ತದೆ. ಹಾಪ್‌ಕಾಮ್ಸ್ ಮಳಿಗೆಯ ಮುಂದೆ ಆ ದಿನದ ದರ ಬರೆದ ಹಲಗೆ ಇರುತ್ತದೆ. ಹೋಗುವಾಗ ಬರುವಾಗ ಅದರ ಮೇಲೆ ಕಣ್ಣಾಡಿಸಿದರೆ ಗಾಡಿಯವರು ಹೇಳುವ ಬೆಲೆ ಸರಿಯಾ ಅಂತ ತಿಳಿಯುತ್ತದೆ. ಇನ್ನೂ ಆಳಕ್ಕೆ ಹೋಗುವ ಆಸೆ ಇದ್ದರೆ ರಾಜ್ಯ ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಎಪಿಎಂಸಿಗಳ ಸಗಟು ದರ ಸಿಗುತ್ತದೆ. ಅದು ಕ್ವಿಂಟಾಲ್ ಲೆಕ್ಕ. 100ರಿಂದ ಭಾಗಿಸಿದರೆ ಕೆ.ಜಿ. ಬೆಲೆ ಬಂತು.

ಹೆಜ್ಜೆ 3: ಯಾವುದು ಎಲ್ಲಿ, ಯಾವಾಗ

ಮೈಸೂರಿನಲ್ಲಿ ಇರುವವರು ಪುಣ್ಯವಂತರು. ಒಂದೇ ಊರಿನಲ್ಲಿ ದೇವರಾಜ ಮಾರುಕಟ್ಟೆ ಇದೆ, ಎಂ.ಜಿ. ರಸ್ತೆಯ ತರಕಾರಿ ಮಾರುಕಟ್ಟೆ ಇದೆ, ಸಂತೇಪೇಟೆಯ ಸಗಟು ದಿನಸಿ ಅಂಗಡಿಗಳಿವೆ, ನಂಜನಗೂಡು ರಸ್ತೆಯಲ್ಲಿ ಬಂಡಿಪಾಳ್ಯದ ಎಪಿಎಂಸಿ ಇದೆ. ಅದರ ಮೇಲೆ ಡಿ-ಮಾರ್ಟ್, ಲಾಯಲ್ ವರ್ಲ್ಡ್, ಮೋರ್ ಥರದ ಸೂಪರ್ ಮಾರ್ಕೆಟ್‌ಗಳು. ಎಲ್ಲ ಕಡೆ ಎಲ್ಲವೂ ಅಗ್ಗ ಇರುವುದಿಲ್ಲ. ಯಾವುದಕ್ಕೆ ಎಲ್ಲಿಗೆ ಹೋಗಬೇಕು ಅಂತ ಮೊದಲೇ ಗೊತ್ತಿರಬೇಕು.

ನಾನು ಮಾಡುವುದು ಹೀಗೆ. ಕಾಳು, ಬೇಳೆ, ಒಣಮೆಣಸಿನಕಾಯಿ, ಹುಣಸೆಹಣ್ಣು, ಬೆಲ್ಲ ಎರಡು ತಿಂಗಳಿಗೊಮ್ಮೆ ಸಂತೇಪೇಟೆಯಿಂದ ಬಿಡಿಯಾಗಿ. ಪೊಟ್ಟಣ ಕಟ್ಟಿ ಹೆಸರು ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟಿಗೆ 25 ಕೆ.ಜಿ. ವರೆಗೆ ಶೇ. 5 ಜಿಎಸ್‌ಟಿ ಬೀಳುತ್ತದೆ. ಕಣ್ಣೆದುರು ಚೀಲದಿಂದ ತೂಗಿ ಕೊಟ್ಟದ್ದಕ್ಕೆ ಇಲ್ಲ. 2022ರ ಜುಲೈ 18ರಿಂದ ಈ ನಿಯಮ ಇದೆ. ಅಕ್ಕಿ ಮೂಟೆ 26 ಕೆ.ಜಿ.ಯದ್ದು ಬರುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಎಣ್ಣೆ, ಸಕ್ಕರೆ, ಕಾಫಿಪುಡಿ, ಸೋಪು, ಇವಕ್ಕೆ ಸೂಪರ್ ಮಾರ್ಕೆಟ್. ಸಂಬಳದ ವಾರ, ಅಂದರೆ ತಿಂಗಳ ಮೊದಲ ಐದಾರು ದಿನ, ಆಫರ್‌ಗಳು ಜಾಸ್ತಿ. ಜನವರಿ 26, ಆಗಸ್ಟ್ 15ರ ಸುತ್ತ ದೊಡ್ಡ ಮಾರಾಟ ಇರುತ್ತದೆ. ದಸರಾ, ದೀಪಾವಳಿಗೆ ಎಣ್ಣೆ, ತುಪ್ಪ, ಒಣಹಣ್ಣಿನ ಮೇಲೆ ಆಫರ್ ಬರುತ್ತದೆ. ಈ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಜುಲೈ ಕೊನೆಯಲ್ಲಿ ಎಣ್ಣೆ ಮುಗಿಯುತ್ತಾ ಬಂದರೆ ಒಂದೇ ಲೀಟರ್ ತನ್ನಿ. ಎರಡು ವಾರ ಕಾದರೆ ಆಗಸ್ಟ್ 15 ಬಂತು.

ಸೊಪ್ಪು, ತರಕಾರಿಗೆ ಬೆಳಗಿನ ಮಾರುಕಟ್ಟೆ ಅಥವಾ ಸಂಜೆ ಕತ್ತಲಾಗುವ ಹೊತ್ತು. ಬೆಳಿಗ್ಗೆ ಆಯ್ಕೆ ಜಾಸ್ತಿ, ಸಂಜೆ ಬೆಲೆ ಕಡಿಮೆ. ಸಂಜೆ ತಂದ ಸೊಪ್ಪನ್ನು ಆ ರಾತ್ರಿಯೇ ಸೋಸಿಡಬೇಕು, ಇಲ್ಲದಿದ್ದರೆ ಬೆಳಿಗ್ಗೆಗೆ ಹಳದಿ. ಸಗಟು ಮಾರುಕಟ್ಟೆಗೆ ಹೋಗುವುದಾದರೆ ಒಬ್ಬರೇ ಹೋಗಬೇಡಿ. ಪಕ್ಕದ ಮನೆ, ಎದುರು ಮನೆಯವರು ಸೇರಿ ಒಂದು ಮೂಟೆ ಈರುಳ್ಳಿ ತಂದು ಹಂಚಿಕೊಳ್ಳಿ. ಆಟೋ ಬಾಡಿಗೆಯೂ ಹಂಚಿಹೋಗುತ್ತದೆ.

ಒಂದು ಮಾತು. ಸೊಪ್ಪು ಮಾರುವ ಅಜ್ಜಿಯ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡಿ ಉಳಿಸುವ ದುಡ್ಡನ್ನು ನಾನು ಉಳಿತಾಯ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಲ್ಲಿ ಹೇಳಿದ ಯಾವ ಹೆಜ್ಜೆಗೂ ಅದು ಬೇಕಾಗಿಲ್ಲ.

ಇನ್ನು ವರ್ಷದ ಲೆಕ್ಕ. ಸೂಪರ್ ಮಾರ್ಕೆಟ್ ಆಫರ್‌ಗಿಂತ ದೊಡ್ಡ ಆಫರ್ ಕೊಡುವುದು ಸುಗ್ಗಿ. ನವೆಂಬರಿನಿಂದ ಜನವರಿವರೆಗೆ ನಮ್ಮ ಕಡೆ ಭತ್ತ, ರಾಗಿ ಮನೆಗೆ ಬರುತ್ತದೆ. ಮಂಡ್ಯ, ನಾಗಮಂಗಲ, ಕೆ.ಆರ್. ಪೇಟೆ ಕಡೆ ನೆಂಟರಿದ್ದರೆ ರಾಗಿಯನ್ನು ಆಗಲೇ ಹೇಳಿ ತರಿಸಿಕೊಳ್ಳಿ. ಹೊಸ ಅಕ್ಕಿ ಅಗ್ಗ, ಆದರೆ ಅನ್ನ ಮುದ್ದೆಯಾಗುತ್ತದೆ. ಹಾಗಾಗಿ ಒಂದು ಮೂಟೆ ಹೆಚ್ಚಿಗೆ ತಂದು ಆರು ತಿಂಗಳು ಮುಟ್ಟದೆ ಇಡಿ, ಹಳೆ ಅಕ್ಕಿ ನಿಮ್ಮ ಮನೆಯಲ್ಲೇ ತಯಾರಾಗುತ್ತದೆ. ಕಲಬುರಗಿ ಕಡೆಯ ಹೊಸ ತೊಗರಿ ಡಿಸೆಂಬರ್, ಜನವರಿಯಲ್ಲಿ ಪೇಟೆಗೆ ಬರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೊಸ ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ. ಏಪ್ರಿಲ್ ಬಿಸಿಲಿನಲ್ಲಿ ಒಣಗಿಸಿ ಸಾರಿನ ಪುಡಿ, ಹುಳಿಪುಡಿ ಮಾಡಿಟ್ಟರೆ ವರ್ಷವಿಡೀ ಪುಡಿ ಪೊಟ್ಟಣದ ಖರ್ಚಿಲ್ಲ.

ಹಬ್ಬಗಳು ಇದಕ್ಕೆ ತಿರುಗುಮುರುಗು. ಸಂಕ್ರಾಂತಿಗೆ ಮುಂಚಿನ ವಾರ ಎಳ್ಳು, ಕೊಬ್ಬರಿ, ಕಡಲೆಕಾಯಿ ಬೀಜ ಏರುತ್ತವೆ. ಡಿಸೆಂಬರ್ ಮಧ್ಯದಲ್ಲೇ ತಂದಿಡಿ. ಯುಗಾದಿ ಒಬ್ಬಟ್ಟಿಗೆ ಬೇಳೆ, ಬೆಲ್ಲವನ್ನು ಮೂರು ವಾರ ಮುಂಚೆ. ವರಮಹಾಲಕ್ಷ್ಮಿ, ಗೌರಿ-ಗಣೇಶ ಬಂತೆಂದರೆ ಬಾಳೆಹಣ್ಣು, ತೆಂಗಿನಕಾಯಿ, ಹೂವಿನ ಬೆಲೆ ಕೇಳುವ ಹಾಗಿಲ್ಲ. ಕಾಯಿ ಕೆಡುವುದಿಲ್ಲ, ಮೊದಲೇ ತರಬಹುದು. ಆಯುಧಪೂಜೆಗೆ ಬೂದುಗುಂಬಳದ ಬೆಲೆ ಏರುತ್ತದೆ. ಹಬ್ಬ ಮುಗಿದ ಮಾರನೇ ದಿನ ಉಳಿದ ಕಾಯಿಗಳನ್ನು ಕೇಳಿದ ಬೆಲೆಗೆ ಕೊಡುತ್ತಾರೆ. ಕುಯ್ಯದ ಬೂದುಗುಂಬಳ ವಾರಗಟ್ಟಲೆ ಕೆಡದೆ ಇರುತ್ತದೆ. ವಿಜಯದಶಮಿ ಆದ ವಾರ ನಮ್ಮ ಮನೆಯಲ್ಲಿ ಮಜ್ಜಿಗೆಹುಳಿ ಖಾಯಂ.

ಹೆಜ್ಜೆ 4: ಆಫರನ್ನು ಓದಲು ಕಲಿಯಿರಿ

ಇಲ್ಲಿ ನಿಧಾನಿಸಿ. ಒಂದು ಎಣ್ಣೆ ಪೊಟ್ಟಣವನ್ನು ಹತ್ತಿರದಿಂದ ನೋಡೋಣ.

ಕಪಾಟಿನಲ್ಲಿ ಸೂರ್ಯಕಾಂತಿ ಎಣ್ಣೆಯ ಎರಡು ಪೊಟ್ಟಣ ಇವೆ ಅಂತಿಟ್ಟುಕೊಳ್ಳಿ. ಒಂದರ ಬೆಲೆ 155, ಇನ್ನೊಂದು ಆಫರಿನಲ್ಲಿ 148. ಎರಡೂ ಒಂದೇ ಗಾತ್ರದ ಹಾಗೆ ಕಾಣುತ್ತವೆ. ಕೈ 148ರ ಕಡೆಗೆ ಹೋಗುತ್ತದೆ. ಈಗ ತಿರುಗಿಸಿ ಸಣ್ಣ ಅಕ್ಷರ ಓದಿ. ಮೊದಲನೆಯದು ಪೂರ್ತಿ 1 ಲೀಟರ್, ತೂಕ 910 ಗ್ರಾಂ. ಎರಡನೆಯದು ಬರೀ 850 ಗ್ರಾಂ. 155ನ್ನು 910ರಿಂದ ಭಾಗಿಸಿದರೆ 100 ಗ್ರಾಂಗೆ 17 ರೂಪಾಯಿ 3 ಪೈಸೆ. 148ನ್ನು 850ರಿಂದ ಭಾಗಿಸಿದರೆ 17 ರೂಪಾಯಿ 41 ಪೈಸೆ. ಆಫರ್ ಪೊಟ್ಟಣವೇ ದುಬಾರಿ! ಒಂದು ಲೀಟರ್ ಅಡುಗೆ ಎಣ್ಣೆಯ ತೂಕ ಸುಮಾರು 910 ಗ್ರಾಂ ಅನ್ನುವುದನ್ನು ಬಾಯಿಪಾಠ ಮಾಡಿಕೊಳ್ಳಿ, ಅದೊಂದೇ ಅಂಕಿ ಬಹಳ ದುಡ್ಡು ಉಳಿಸುತ್ತದೆ.

ಭಾಗಾಕಾರ ಮಾಡಲು ಬೇಸರವಾದರೆ ಪೊಟ್ಟಣದ ಮೇಲೇ ಒಂದು ಗ್ರಾಂಗೆ ಅಥವಾ ಒಂದು ಕೆ.ಜಿ.ಗೆ ಎಷ್ಟು ಅಂತ ಮುದ್ರಿಸಿರುತ್ತಾರೆ, ಎಂಆರ್‌ಪಿ ಹತ್ತಿರ ನೋಡಿ. ಅದು ಎಂಆರ್‌ಪಿ ಲೆಕ್ಕದ್ದು, ಆಫರ್ ಬೆಲೆಯದ್ದಲ್ಲ. ಆಫರ್ ಬೆಲೆಗೆ ನೀವೇ ಲೆಕ್ಕ ಹಾಕಬೇಕು.

"ಎರಡು ಕೊಂಡರೆ ಒಂದು ಉಚಿತ" ಕಂಡಾಗ ಮೂರೂ ಸೇರಿ ಎಷ್ಟಾಯಿತು, ಒಂದಕ್ಕೆ ಎಷ್ಟು ಬಿತ್ತು ನೋಡಿ, ಬೆಲೆ ಪುಸ್ತಕದ ಕೆಂಪು ಅಂಕಿಯ ಜೊತೆ ಹೋಲಿಸಿ. ಆಮೇಲೆ ದಿನಾಂಕ ನೋಡಿ. ಉಚಿತ ಬರುವ ಪೊಟ್ಟಣದ ಅವಧಿ ಮುಂದಿನ ತಿಂಗಳೇ ಮುಗಿಯುವುದಾದರೆ ನಿಮಗೆ ಅದು ಭಾರ. ಸಕ್ಕರೆ, ಈರುಳ್ಳಿ ಥರದ ಒಂದೆರಡು ಸಾಮಾನನ್ನು ತೀರಾ ಕಡಿಮೆ ಬೆಲೆಗೆ ಹಾಕಿ ಜನರನ್ನು ಕರೆಯುವುದು ಅಂಗಡಿಗಳ ಪದ್ಧತಿ. ತಪ್ಪೇನಿಲ್ಲ. ಆ ಎರಡನ್ನೇ ತಂದು ವಾಪಸ್ ಬನ್ನಿ.

ಬಿಲ್ಲನ್ನು ಅಂಗಡಿಯಲ್ಲೇ ನಿಂತು ಓದಿ. ಕಪಾಟಿನಲ್ಲಿ ಒಂದು ಬೆಲೆ, ಬಿಲ್ಲಿನಲ್ಲಿ ಇನ್ನೊಂದು ಇದ್ದರೆ ಕೇಳಿ. ಬಹಳ ಸಲ ಅಲ್ಲೇ ಸರಿಮಾಡಿ ಕೊಡುತ್ತಾರೆ. ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಂಡು ಕೇಳಿದರೂ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಮೊಬೈಲ್ ಆಪ್‌ಗಳಲ್ಲಿ ಸಾಮಾನಿನ ಬೆಲೆಗೆ ಡೆಲಿವರಿ, ಪ್ಯಾಕಿಂಗ್ ಖರ್ಚು ಎಲ್ಲ ಸೇರಿಸಿ ಹೋಲಿಸಿ. ಇಷ್ಟು ರೂಪಾಯಿ ದಾಟಿದರೆ ಡೆಲಿವರಿ ಉಚಿತ ಅಂತ ಬೇಡದ್ದನ್ನು ತುಂಬಿಸಬೇಡಿ.

ಹೆಜ್ಜೆ 5: ಎಷ್ಟು ತರಬೇಕು, ಹೇಗೆ ಇಡಬೇಕು

ಒಂದು ಮಳೆಗಾಲದಲ್ಲಿ ಒಂದು ಅಂಗಡಿಯ ಆಫರಿನಲ್ಲಿ ರವೆ ಅರ್ಧ ಬೆಲೆಗೆ ಸಿಕ್ಕಿತು ಅಂತ 10 ಕೆ.ಜಿ. ತಂದೆ. ತಿಂಗಳು ತುಂಬುವುದರೊಳಗೆ ಡಬ್ಬ ತೆರೆದರೆ ಎಳೆ ಎಳೆಯಾಗಿ ಬಲೆ ಕಟ್ಟಿತ್ತು, ಒಳಗೆ ಹುಳ. ಏಳು ಕೆ.ಜಿ.ಗೂ ಮಿಕ್ಕಿ ಹಾಳಾಯಿತು. ಅಂದಿನಿಂದ ಆಫರ್ ಎಷ್ಟೇ ದೊಡ್ಡದಿರಲಿ, ತರುವ ಮುಂಚೆ ಎರಡು ಲೆಕ್ಕ ಹಾಕುತ್ತೇನೆ. ಮುಂದಿನ ಆಫರ್ ಬರುವವರೆಗೆ ನಮ್ಮ ಮನೆಗೆ ಎಷ್ಟು ಬೇಕು? ಅಷ್ಟು ದಿನ ಅದು ಕೆಡದೆ ಇರುತ್ತದಾ? ಈ ಎರಡರಲ್ಲಿ ಯಾವುದು ಚಿಕ್ಕದೋ ಅಷ್ಟೇ ತರುವುದು.

ನಮ್ಮ ಐದು ಜನಕ್ಕೆ ತೊಗರಿಬೇಳೆ ತಿಂಗಳಿಗೆ 3 ಕೆ.ಜಿ. ಬೇಕು. ಅದು ಮೂರ್ನಾಲ್ಕು ತಿಂಗಳು ಚೆನ್ನಾಗಿರುತ್ತದೆ. ಒಳ್ಳೆಯ ಬೆಲೆ ಎರಡು ತಿಂಗಳಿಗೊಮ್ಮೆ ಬರುತ್ತದೆ. ಹಾಗಾಗಿ 6 ಕೆ.ಜಿ. ಸಾಕು, 15 ಬೇಡ. ರವೆ, ಮೈದಾ, ಹಿಟ್ಟುಗಳನ್ನು ಮಳೆಗಾಲದಲ್ಲಿ ಒಂದು ತಿಂಗಳಿಗಿಂತ ಹೆಚ್ಚಿಗೆ ತರಬೇಡಿ. ರವೆಯನ್ನು ತಂದ ದಿನವೇ ಬೆಚ್ಚಗೆ ಹುರಿದು, ಪೂರ್ತಿ ಆರಿಸಿ ತುಂಬಿಡಿ. ಕಡಲೆಕಾಯಿ ಬೀಜ, ಕೊಬ್ಬರಿ ಬೇಗ ಕಮಟು ಹಿಡಿಯುತ್ತವೆ. ಸಕ್ಕರೆ, ಉಪ್ಪು, ಹುಣಸೆಹಣ್ಣಿಗೆ ಆ ಚಿಂತೆ ಇಲ್ಲ, ನೀರು ತಾಗದಿದ್ದರೆ ಸಾಕು.

ತೊಗರಿಬೇಳೆಗೆ ಅತ್ತೆ ಮಾಡುವ ವಿಧಾನ ಇದು. ಬೇಳೆಯನ್ನು ಒಂದು ದಿನ ಬಿಸಿಲಿಗೆ ಹರವುತ್ತಾರೆ. ಸಂಜೆ ಪೂರ್ತಿ ಆರಿದ ಮೇಲೆ ಅಂಗೈಗೆ ನಾಲ್ಕು ಹನಿ ಹರಳೆಣ್ಣೆ ಹಾಕಿಕೊಂಡು ಬೇಳೆಯನ್ನು ಮೆಲ್ಲಗೆ ತಿಕ್ಕುತ್ತಾರೆ. ಒಂದೊಂದು ಬೇಳೆಗೂ ಹೊಳಪು ಬರಬೇಕು, ಜಿಡ್ಡು ಆಗಬಾರದು. ಆಮೇಲೆ ಒಣಗಿದ ಸ್ಟೀಲ್ ಡಬ್ಬಕ್ಕೆ ಸುರಿದು ನಾಲ್ಕು ಒಣಮೆಣಸಿನಕಾಯಿ ಹಾಕಿ ಮುಚ್ಚುತ್ತಾರೆ. ಬೇಯಿಸುವ ಮುಂಚೆ ಎರಡು ಸಲ ತೊಳೆದರೆ ಹರಳೆಣ್ಣೆ ಹೋಗುತ್ತದೆ.

ಟೊಮೆಟೊ ಬೆಲೆ ಬಿದ್ದಾಗ ಏನು ಮಾಡಬೇಕು? 2023ರ ಜುಲೈನಲ್ಲಿ ಕೆ.ಜಿ.ಗೆ 100 ರೂಪಾಯಿ ದಾಟಿದ್ದು ನೆನಪಿದೆಯಲ್ಲ. ಅದೇ ಹಣ್ಣನ್ನು ಬೇರೆ ತಿಂಗಳುಗಳಲ್ಲಿ ರೈತರು ಕೇಳುವವರಿಲ್ಲದೆ ರಸ್ತೆಗೆ ಸುರಿಯುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಬೆಲೆ ಇಳಿದ ವಾರ 4 ಕೆ.ಜಿ. ತಂದು ಎರಡು ಭಾಗ ಮಾಡಿ. ಅರ್ಧವನ್ನು ಬೇಯಿಸಿ ರುಬ್ಬಿ, ಸಣ್ಣ ಡಬ್ಬಗಳಲ್ಲಿ ಫ್ರೀಜರಿಗೆ. ಇನ್ನರ್ಧಕ್ಕೆ ಎಣ್ಣೆ, ಖಾರದಪುಡಿ, ಹುಣಸೆ, ಬೆಲ್ಲ, ಇಂಗು ಹಾಕಿ ಎಣ್ಣೆ ಬಿಡುವವರೆಗೆ ಬಾಡಿಸಿ ಗೊಜ್ಜು ಮಾಡಿ. ಫ್ರಿಜ್ಜಿನಲ್ಲಿ ಎರಡು ವಾರ ಇರುತ್ತದೆ. ದೋಸೆಗೂ ಆಯಿತು, ಚಪಾತಿಗೂ ಆಯಿತು, ಗಡಿಬಿಡಿಯ ಬೆಳಿಗ್ಗೆ ಅನ್ನಕ್ಕೆ ಕಲಸಿ ಡಬ್ಬಿಗೂ ಆಯಿತು.

ಹೆಜ್ಜೆ 6: ವಾರದ ಪಟ್ಟಿ

ಶನಿವಾರ ರಾತ್ರಿ ಹತ್ತು ನಿಮಿಷ ಕೂತುಕೊಳ್ಳಿ. ಡಬ್ಬದ ಹಾಳೆ, ಬೆಲೆ ಪುಸ್ತಕ, ಅಂಗಡಿಗಳಿಂದ ಬಂದ ಆಫರ್ ಮೆಸೇಜು, ಮೂರೂ ಮುಂದಿರಲಿ. ತರಕಾರಿಯ ಹೆಸರು ಬರೆಯಬೇಡಿ! ಬರೀ ಚೌಕಟ್ಟು ಬರೆಯಿರಿ. ಎರಡು ದಿನ ಸೊಪ್ಪು, ಎರಡು ದಿನ ಕಾಳು, ಒಂದು ದಿನ ಹುಳಿ, ಒಂದು ದಿನ ಗೊಜ್ಜು ಅಥವಾ ಮಜ್ಜಿಗೆಹುಳಿ, ಒಂದು ದಿನ ಬಾತು. ಯಾವ ಸೊಪ್ಪು, ಯಾವ ಕಾಯಿ ಅನ್ನುವುದನ್ನು ಭಾನುವಾರ ಮಾರುಕಟ್ಟೆ ಹೇಳುತ್ತದೆ.

ನಮ್ಮ ಕಡೆಯ ಅಡುಗೆಗೆ ಈ ಪದ್ಧತಿ ಹೇಳಿ ಮಾಡಿಸಿದ ಹಾಗಿದೆ. ಹುಳಿಗೆ ಸೀಮೆಬದನೆ ಆದರೂ ಆಗುತ್ತದೆ, ಮೂಲಂಗಿ ಆದರೂ ಆಗುತ್ತದೆ, ನುಗ್ಗೆಕಾಯಿ ಆದರೂ ಸರಿ. ಪಲ್ಯಕ್ಕೆ ಬೀನ್ಸ್ ಬದಲು ಗೋರಿಕಾಯಿ, ಹಲಸಂದೆಕಾಯಿ, ಎಲೆಕೋಸು. ವಾಂಗೀಬಾತಿಗೆ ಬದನೆ ಮೇಲೇರಿದ್ದರೆ ಅದೇ ಪುಡಿಯಲ್ಲಿ ದೊಣ್ಣೆಮೆಣಸಿನಕಾಯಿ ಅಥವಾ ಮೆಂತ್ಯ ಸೊಪ್ಪಿನ ಬಾತು.

ಎಲ್ಲಕ್ಕಿಂತ ಹೆಚ್ಚು ಉಳಿಸಿಕೊಡುವುದು ಉಪ್ಸಾರು. ಒಂದು ಪಾವು ಹಲಸಂದೆ ಕಾಳು, ಆ ದಿನ ಅಗ್ಗವಿರುವ ಎರಡು ಕಟ್ಟು ದಂಟಿನ ಸೊಪ್ಪು. ಮೊದಲು ಕಾಳನ್ನು ಮುಕ್ಕಾಲು ಬೇಯಿಸಿ, ಆಮೇಲೆ ಸೊಪ್ಪು, ಉಪ್ಪು ಹಾಕಿ ಬೇಯಿಸಿ ಬಸಿಯಿರಿ. ನೀರನ್ನು ಚೆಲ್ಲಬೇಡಿ, ಅದೇ ಸಾರು. ಬಸಿದ ಸೊಪ್ಪು ಕಾಳಿಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ, ಮೇಲೆ ಒಂದು ಹಿಡಿ ಕಾಯಿತುರಿ, ಪಲ್ಯ ಆಯಿತು. ಖಾರಕ್ಕೆ ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಉಪ್ಪು ಸೇರಿಸಿ ಗಟ್ಟಿಯಾಗಿ ರುಬ್ಬಿ. ತಟ್ಟೆಯಲ್ಲಿ ಬಿಸಿ ಮುದ್ದೆ, ಪಕ್ಕದಲ್ಲಿ ಖಾರ, ಅದರ ಮೇಲೆ ಬಸಿದ ನೀರು. ಒಂದೇ ಪಾತ್ರೆಯಲ್ಲಿ ಬೆಂದದ್ದು ಸಾರೂ ಆಯಿತು, ಪಲ್ಯವೂ ಆಯಿತು. ಗ್ಯಾಸೂ ಒಂದೇ ಸಲ. ಖಾರವನ್ನು ಫ್ರಿಜ್ಜಿನಲ್ಲಿಟ್ಟರೆ ವಾರ ಬರುತ್ತದೆ, ಎರಡನೇ ಸಲ ಉಪ್ಸಾರು ಮಾಡುವಾಗ ರುಬ್ಬುವ ಕೆಲಸವೂ ಇಲ್ಲ.

ತಂದ ತರಕಾರಿಯಲ್ಲಿ ಯಾವ ದಿನ ಯಾವುದು ಅನ್ನುವುದನ್ನು ಅದರ ಆಯಸ್ಸೇ ನಿರ್ಧರಿಸುತ್ತದೆ. ಭಾನುವಾರ, ಸೋಮವಾರ ಸೊಪ್ಪು. ಮಂಗಳವಾರ, ಬುಧವಾರ ಬೀನ್ಸ್, ಬದನೆ, ಬೆಂಡೆ. ಗುರುವಾರ ಕ್ಯಾರೆಟ್, ಬೀಟ್‌ರೂಟ್, ಸೀಮೆಬದನೆ, ಕುಂಬಳ. ಶುಕ್ರವಾರ, ಶನಿವಾರಕ್ಕೆ ಆಲೂಗಡ್ಡೆ ಅಥವಾ ಮೊಳಕೆ ಕಾಳು. ಗುರುವಾರ ಬೆಳಿಗ್ಗೆ ಹೆಸರುಕಾಳು ನೆನೆಹಾಕಿ ರಾತ್ರಿ ಬಟ್ಟೆಯಲ್ಲಿ ಕಟ್ಟಿದರೆ ಶುಕ್ರವಾರ ಸಂಜೆಗೆ ಮೊಳಕೆ.

ರೇಷನ್ ಅಕ್ಕಿ ಬರುವ ಮನೆಯವರು ಅದನ್ನು ಅನ್ನಕ್ಕೆ ಇಷ್ಟಪಡದಿದ್ದರೆ ದೋಸೆ, ಇಡ್ಲಿ, ರೊಟ್ಟಿ ಹಿಟ್ಟಿಗೆ ಹಾಕಿ. ತಿಂಡಿಯ ಖರ್ಚು ಅರ್ಧಕ್ಕರ್ಧ ಇಳಿಯುತ್ತದೆ.

ಇನ್ನು ಅವರೆಕಾಯಿ ಕಾಲ. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆ ಮಾರುಕಟ್ಟೆಗೆ ರಾಶಿ ರಾಶಿ ಬಂದಾಗ ವಾರದ ಚೌಕಟ್ಟನ್ನೇ ಬದಲಿಸುತ್ತೇನೆ. ಸುಲಿದ ಕಾಳು ಕೊಳ್ಳುವುದು ಸುಲಭ, ಆದರೆ ಸುಲಿದ ಕೂಲಿಯೂ ಅದರಲ್ಲಿ ಸೇರಿದೆ. ಕಾಯಿಯೇ ತರುವುದಾದರೆ ತೂಕದ ಅರ್ಧಕ್ಕಿಂತ ಕಡಿಮೆ ಕಾಳು ಬರುತ್ತದೆ ಅಂತ ಗೊತ್ತಿರಲಿ. ಸುಲಿದ ಕಾಳು ಕಾಯಿಯ ಎರಡು ಪಟ್ಟು ಬೆಲೆಯೊಳಗೆ ಸಿಕ್ಕರೆ ಕಾಳೇ ಲಾಭ. ಮೂರು ಪಟ್ಟು ದಾಟಿದರೆ ಕಾಯಿ ತಂದು ಟಿವಿ ಮುಂದೆ ಎಲ್ಲರೂ ಸುಲಿಯಲು ಕೂರಬಹುದು. ಒಂದು ಭಾನುವಾರ 5 ಕೆ.ಜಿ. ಸುಲಿದರೆ ರಾತ್ರಿ ಅವರೆಕಾಳು ಹುಳಿ, ಮುದ್ದೆ. ಬೆಳಿಗ್ಗೆ ಅವರೆಕಾಳು ಉಪ್ಪಿಟ್ಟು. ಮಾರನೇ ದಿನ ಅಕ್ಕಿರೊಟ್ಟಿಗೆ ಒಂದು ಹಿಡಿ. ಮಿಕ್ಕದ್ದನ್ನು ನೀರಿನಲ್ಲಿ ನೆನೆಸಿ ಹಿತುಕಿದರೆ ಹಿತಕಬೇಳೆ ಸಾರು. ಆ ಸಿಪ್ಪೆ ಹಾರುವುದನ್ನು ನೋಡಲು ನಮ್ಮ ಚಿಕ್ಕವನು ಹೋಮ್‌ವರ್ಕ್ ಬಿಟ್ಟು ಬರುತ್ತಾನೆ. ಎರಡು ಡಬ್ಬ ಫ್ರೀಜರಿಗೆ ಹೋಗುತ್ತದೆ, ಫೆಬ್ರವರಿಗೆ.

ಬಾಡೂಟಕ್ಕೂ ಇದೇ ಲೆಕ್ಕ

ಶ್ರಾವಣದಲ್ಲಿ ಬಹಳ ಮನೆಗಳಲ್ಲಿ ಮಾಂಸ ಮಾಡುವುದಿಲ್ಲ, ಕೋಳಿ ಬೆಲೆ ಇಳಿಯುತ್ತದೆ. ಆಚರಣೆ ಇಲ್ಲದವರಿಗೆ ಅದು ಒಳ್ಳೆಯ ಕಾಲ. ಯುಗಾದಿ ಮಾರನೇ ದಿನದ ಹೊಸತೊಡಕಿಗೆ ಮಟನ್ ಅಂಗಡಿ ಮುಂದೆ ನಿಲ್ಲಲು ಜಾಗ ಇರುವುದಿಲ್ಲ, ಬೆಲೆಯೂ ಮೇಲೆ. ಮಂಡ್ಯ ಕಡೆ ಹಳ್ಳಿಗಳಲ್ಲಿ ನಾಲ್ಕಾರು ಮನೆ ಸೇರಿ ಕುರಿ ತಂದು ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಪಟ್ಟಣದಲ್ಲೂ ನೆಂಟರು ಸೇರಿ ಹೀಗೆ ಮಾಡಬಹುದು, ಗುಡ್ಡೆ ಬಾಡು ಅಂಗಡಿಯದಕ್ಕಿಂತ ಅಗ್ಗ ಬೀಳುತ್ತದೆ. ಮೊಟ್ಟೆಗೆ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ (ಎನ್‌ಇಸಿಸಿ) ದಿನಾ ದರ ಪ್ರಕಟಿಸುತ್ತದೆ, ಮೈಸೂರಿನದು ಪ್ರತ್ಯೇಕವಾಗಿ ಇರುತ್ತದೆ. ಸಾಮಾನ್ಯವಾಗಿ ಚಳಿಗಾಲದಲ್ಲಿ ಏರಿಕೆ, ಬೇಸಿಗೆಯಲ್ಲಿ ಇಳಿಕೆ.

ಹೆಜ್ಜೆ 7: ತಿಂಗಳ ಕೊನೆಯ ವಾರ

ಪ್ರತಿ ತಿಂಗಳ ಕೊನೆಯ ವಾರ ನಮ್ಮ ಮನೆಯಲ್ಲಿ ಡಬ್ಬ ಖಾಲಿ ವಾರ. ಆ ಏಳು ದಿನ ಹಾಲು, ಮೊಸರು, ಸೊಪ್ಪು ಬಿಟ್ಟು ಬೇರೇನೂ ತರುವುದಿಲ್ಲ. ಡಬ್ಬದಲ್ಲಿ, ಫ್ರೀಜರಿನಲ್ಲಿ ಏನಿದೆಯೋ ಅದರಲ್ಲೇ ಅಡುಗೆ. ಮೊದಲ ಸಲ ಮಕ್ಕಳು ಮುಖ ಊದಿಸಿದರು. ಈಗ ದೊಡ್ಡವಳೇ ಡಬ್ಬಗಳನ್ನು ಇಳಿಸಿ ನೋಡಿ, "ಅಮ್ಮ, ಹೆಸರುಬೇಳೆ ಅರ್ಧ ಲೋಟ ಇದೆ, ಅವಲಕ್ಕಿ ಒಂದು ಹಿಡಿ ಇದೆ" ಅಂತ ಪಟ್ಟಿ ಹೇಳುತ್ತಾಳೆ. ಹೆಸರುಬೇಳೆ ಪೊಂಗಲ್ಲಿಗೆ ಹೋಗುತ್ತದೆ, ಅವಲಕ್ಕಿ ದೋಸೆ ಹಿಟ್ಟಿಗೆ.

ಅದೇ ವಾರ ಬಿಲ್ಲುಗಳನ್ನೆಲ್ಲ ಕೂಡಿಸಿ ಬೆಲೆ ಪುಸ್ತಕದ ಕೊನೇ ಪುಟದಲ್ಲಿ ಒಂದು ಸಾಲು ಬರೆಯಿರಿ. ದಿನಸಿ ಇಷ್ಟು, ತರಕಾರಿ ಇಷ್ಟು, ಹಾಲು ಇಷ್ಟು, ಎಸೆದದ್ದು ಇಷ್ಟು. ಕೊನೆಯದನ್ನು ಬಿಡಬೇಡಿ. ಕೊಳೆತ ಸೊಪ್ಪು, ಹುಳ ಬಿದ್ದ ಹಿಟ್ಟು, ಹುಳಿಯಾದ ಅನ್ನ, ಎಲ್ಲಕ್ಕೂ ಅಂದಾಜು ಬೆಲೆ ಕಟ್ಟಿ. ಮೊದಲ ತಿಂಗಳು ನನ್ನ ಪುಸ್ತಕದಲ್ಲಿ ಆ ಸಾಲಿನಲ್ಲಿ 640 ಇತ್ತು. ಎರಡೇ ಕಟ್ಟು ಸೊಪ್ಪು ಸಾಕಾಗುವ ಕಡೆ ನಾಲ್ಕು ತರುತ್ತಿದ್ದೇನೆ ಅಂತ ನನಗೆ ತಿಳಿದದ್ದು ಅದರಿಂದಲೇ.

ನಮ್ಮ ಡಬ್ಬ ಖಾಲಿ ವಾರದ ಶನಿವಾರ ಉಳಿದ ಕಾಳೆಲ್ಲ ಒಂದೇ ಪಾತ್ರೆಗೆ ಬೀಳುತ್ತದೆ. ಒಂದು ಹಿಡಿ ಹುರುಳಿ, ಅರ್ಧ ಹಿಡಿ ಕಡಲೆ, ಎಂಟು ಹತ್ತು ಅವರೆ, ಚೂರು ಬಟಾಣಿ. ಅತ್ತೆ ಅದಕ್ಕೆ ಮಿಶ್ರ ಕಾಳಿನ ಹುಳಿ ಅಂತ ಹೆಸರಿಟ್ಟಿದ್ದಾರೆ. ಸಾರು ಕುದಿಯುವಾಗ ಖಾಲಿಯಾದ ಡಬ್ಬಗಳನ್ನು ತೊಳೆದು ತಾರಸಿಯಲ್ಲಿ ಬೋರಲು ಹಾಕುತ್ತೇನೆ. ಭಾನುವಾರ ಒಂದಿಡೀ ಹೊತ್ತು ಬಿಸಿಲು ಬಿದ್ದರೆ ಸೋಮವಾರ ಸಂತೇಪೇಟೆಯಿಂದ ತಂದ ಬೇಳೆ ತುಂಬಿಸಲು ತಯಾರು.